ಒಳಮೈ ಹೊರಗಾದ ಲಕೋಟೆ

ಟೇಪು ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಲಕೋಟೆಯ ಎಡಮಡಿಕೆಯ ಉದ್ದಕ್ಕೂ ಒಂದು ಪಟ್ಟಿ, ಹಿಂಬದಿಯಲ್ಲಿ ಅಡ್ಡಕ್ಕೆ ಇನ್ನೊಂದು ತುಂಡು. ಉಗುರು ತಾಗಿಸಿದರೆ ಅಂಟಲಿಲ್ಲ, ಒಣಗಿದ ಹಪ್ಪಳದ ಹಾಗೆ ಒಂದು ತುದಿ ಟಪ್ ಎಂದು ಎದ್ದಿತು. ಅದರಡಿ ಇದ್ದದ್ದು 1864ರ ಕಾಗದ. ಕೈ ಹಿಂದೆ ತೆಗೆದೆ. ಆ ದಿನ ಮತ್ತೆ ಅದನ್ನು ಮುಟ್ಟಲಿಲ್ಲ.

ನಾವಿರುವುದು ಅಮೆರಿಕದ ವರ್ಜೀನಿಯಾದಲ್ಲಿ. ಹತ್ತಿರದ ಊರೊಂದರಲ್ಲಿ ಸೇರುವ ಅಂಚೆಚೀಟಿ ಸಂತೆಯಲ್ಲಿ ಈ ಸಲ ನನಗೊಂದು ಹಳೇ ಆಲ್ಬಂ ಸಿಕ್ಕಿತು. ಅದರಲ್ಲಿ ಅಮೆರಿಕದ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದ ಕಾಲದ, ಅಂದರೆ 1861ರಿಂದ 1865ರ ನಡುವಿನ 14 ಲಕೋಟೆಗಳಿದ್ದವು. ಮಾರಿದವರಿಗೆ ಅವುಗಳ ಬೆಲೆ ಗೊತ್ತಿತ್ತು, ಸ್ಥಿತಿಯೂ ಗೊತ್ತಿತ್ತು. ಅದಕ್ಕೇ ನನ್ನ ಕೈಗೆಟುಕುವ ದರಕ್ಕೆ ಬಂತು. ಕಪ್ಪು ಹಾಳೆಗಳ ಆಲ್ಬಂ, ಮೇಲೆ ಮೆತ್ತನೆಯ ಪ್ಲಾಸ್ಟಿಕ್ ಚೀಲಗಳು. ಮೂಗಿಗೆ ಹಿಡಿದರೆ ಹೊಸ ರೇನ್‌ಕೋಟಿನ ವಾಸನೆ. ಆ ವಾಸನೆ ಬಂದರೆ ಪಿವಿಸಿ ಎಂದು ತಿಳಿಯಬೇಕು. ಪ್ಲಾಸ್ಟಿಕ್ ಮೆತ್ತಗಿರಲಿ ಎಂದು ಅದರಲ್ಲಿ ಬೆರೆಸಿದ ಎಣ್ಣೆಯಂಥ ವಸ್ತು ವರ್ಷ ಕಳೆದಂತೆ ಹೊರಗೆ ಒಸರುತ್ತದೆ, ಅಂಚೆಚೀಟಿಯ ಬಣ್ಣವನ್ನು ಕರಗಿಸಿ ತನ್ನ ಮೈಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ದುರಸ್ತಿಗೂ ಮೊದಲು 14ನ್ನೂ ಆ ಚೀಲಗಳಿಂದ ಬಿಡಿಸಿ, ಒಂದೊಂದನ್ನೂ ಆಮ್ಲರಹಿತ ಕಾಗದದ ಮಡಿಕೆಯೊಳಗೆ ಇಟ್ಟೆ. ನಿಮ್ಮ ಬಳಿ ಹಳೇ ಲಕೋಟೆಗಳಿದ್ದು ಇವತ್ತು ಒಂದೇ ಒಂದು ಕೆಲಸಕ್ಕೆ ಪುರುಸೊತ್ತಿದ್ದರೆ, ಇದನ್ನು ಮಾಡಿ.

14ರಲ್ಲಿ ಹನ್ನೊಂದಕ್ಕೆ ಚೀಲ ಬದಲಾಯಿಸುವುದು ಬಿಟ್ಟರೆ ಬೇರೆ ಉಪಚಾರ ಬೇಕಿರಲಿಲ್ಲ. ಉತ್ತರದವರ 3 ಸೆಂಟಿನ ಗುಲಾಬಿ ವಾಷಿಂಗ್ಟನ್ ಚೀಟಿ ಹಚ್ಚಿದ, ಬಾವುಟದ ಚಿತ್ರವಿರುವ ಲಕೋಟೆಗಳು ಐದು, ಅವು ಗಟ್ಟಿಯಾಗಿವೆ. ಉತ್ತರದಲ್ಲಿ ಕಾಗದಕ್ಕೆ ಬರವಿರಲಿಲ್ಲ. ಬರವಿದ್ದದ್ದು ದಕ್ಷಿಣದಲ್ಲಿ, ಟೇಪು ಹಚ್ಚಿಸಿಕೊಂಡ ಈ ಲಕೋಟೆಯೂ ಅಲ್ಲಿಯದೇ.

ಇದನ್ನು ಇಲ್ಲಿನ ಸಂಗ್ರಾಹಕರು ತಿರುವಿದ ಲಕೋಟೆ ಎನ್ನುತ್ತಾರೆ. 1861ರ ಏಪ್ರಿಲ್‌ನಲ್ಲಿ ಲಿಂಕನ್ ದಕ್ಷಿಣದ ಬಂದರುಗಳಿಗೆ ನೌಕಾ ದಿಗ್ಬಂಧನ ಹಾಕಿದ ಮೇಲೆ ಅಲ್ಲಿ ಕಾಗದ ದುಬಾರಿಯಾಗುತ್ತ ಹೋಯಿತು. ಜನ ಗೋಡೆಗೆ ಹಚ್ಚುವ ಬಣ್ಣದ ಕಾಗದ, ಲೆಕ್ಕದ ಪುಸ್ತಕದ ಹಾಳೆ, ಹಳೇ ನಕ್ಷೆ, ಹೀಗೆ ಸಿಕ್ಕಿದ್ದರಲ್ಲೆಲ್ಲ ಲಕೋಟೆ ಮಾಡಿಕೊಂಡರು. ಬಂದ ಲಕೋಟೆಯ ಅಂಟನ್ನು ಮೆಲ್ಲಗೆ ಬಿಡಿಸಿ, ಒಳಮೈ ಹೊರಗೆ ಮಾಡಿ ಮಡಚಿ, ಮತ್ತೆ ಅಂಟಿಸಿ ಇನ್ನೊಂದು ಪತ್ರ ಕಳಿಸುವುದೂ ರೂಢಿಯಾಯಿತು. ನನ್ನದರಲ್ಲಿ ಮೊದಲ ಪತ್ರ ಲಿಂಚ್‌ಬರ್ಗ್ ಊರಿನಿಂದ ಸಿಪಾಯಿಗೆ ಹೋಗಿದೆ: ಹೆಸರು, ಕಂಪನಿ, ರೆಜಿಮೆಂಟು, ಇಂಥ ಕ್ಯಾಪ್ಟನ್ ಅವರ ಮುಖಾಂತರ ಎಂಬ ಒಕ್ಕಣೆ. ಎರಡನೆಯದು ಸಿಪಾಯಿಯಿಂದ ಲಿಂಚ್‌ಬರ್ಗ್‌ನ ಒಬ್ಬ ಹೆಣ್ಣುಮಗಳಿಗೆ. ತಿರುವಿದಾಗ ವಿಳಾಸದ ಹಾಳೆ ಅದೇ ಹಾಳೆ, ಮೈ ಮಾತ್ರ ಬೇರೆ. ಹಾಗಾಗಿ ಅವನ ವಿಳಾಸದ ಬೆನ್ನಿಗೇ ಅವಳ ವಿಳಾಸ ಬಂದಿದೆ. ನಡುವೆ ಇರುವುದು ಒಂದು ಕಾಗದದ ದಪ್ಪ. ದೀಪಕ್ಕೆ ಹಿಡಿದರೆ ಎರಡು ಕೈಬರಹಗಳೂ ಒಂದರೊಳಗೊಂದು ಹೆಣೆದುಕೊಂಡು ಕಾಣುತ್ತವೆ.

ಹಿಂದಿನ ಯಾರೋ ಸಂಗ್ರಾಹಕರಿಗೆ ಒಳಮೈಯಲ್ಲಿ ಉಳಿದ ಮೊದಲ ಪತ್ರದ ಅಂಚೆಚೀಟಿಗಳನ್ನು ನೋಡುವ ಆಸೆಯಾಗಿ ಎಡಮಡಿಕೆಯ ಅಂಟು ಬಿಡಿಸಿದ್ದಾರೆ. ಮಡಿಕೆ ಹರಿದಿದೆ. ಆಮೇಲೆ ಟೇಪು. ಪಾರದರ್ಶಕ ಸೆಲೋಟೇಪು ಮಾರುಕಟ್ಟೆಗೆ ಬಂದದ್ದೇ 1930ರಲ್ಲಿ, ಆದ್ದರಿಂದ ಈ ಗಾಯ ಅದಕ್ಕಿಂತ ಹಳೆಯದಲ್ಲ.

ಮೊದಲ ಶನಿವಾರ ಚಾಕು ಹಿಡಿಯಲಿಲ್ಲ, ಓದಿದೆ. ಕೈಯಲ್ಲಿರುವುದು ಏನೆಂದು ಗೊತ್ತಿಲ್ಲದೆ ದುರಸ್ತಿಗೆ ಕೂರಬಾರದು.

ಹೊರಗಿನ ಚೀಟಿ 10 ಸೆಂಟಿನದು, ನೀಲಿ, ದಕ್ಷಿಣದವರ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನ ಮುಖ. ಸುತ್ತ ಹಲ್ಲುಗಳಿಲ್ಲ, ದಕ್ಷಿಣದವರ ಚೀಟಿಗಳನ್ನು ಸಾಮಾನ್ಯವಾಗಿ ಕತ್ತರಿಯಿಂದಲೇ ಕತ್ತರಿಸಿ ಬಳಸುತ್ತಿದ್ದರು. 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇಟ್ಟು, ಬೆಳಕನ್ನು ಒಂದು ಬದಿಯಿಂದ ಓರೆಯಾಗಿ ಬಿಟ್ಟೆ. ಗೆರೆಗಳು ಕಾಗದದಿಂದ ಎದ್ದು ನಿಂತಿವೆ. ಅಂದರೆ ಕಲ್ಲಚ್ಚಿನದಲ್ಲ, ಲೋಹದ ಹಲಗೆಯಲ್ಲಿ ಕೊರೆದು ಅಚ್ಚೊತ್ತಿದ್ದು, ರಿಚ್ಮಂಡಿನ ಮುದ್ರಕರಾದ ಆರ್ಚರ್ ಅಂಡ್ ಡೇಲಿಯವರ 1863ರ ಚೀಟಿ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಮೂಲೆಯ ಬಳ್ಳಿ ಅಲಂಕಾರದ ಹೊರಗೆ, ಅದರ ಅಂಕುಡೊಂಕನ್ನೇ ಅನುಸರಿಸುವ ಇನ್ನೊಂದು ತೆಳುಗೆರೆ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ನನ್ನದರಲ್ಲಿ ಕೆಳಗಿನ ಎಡಮೂಲೆಯಲ್ಲಿ ಆ ಗೆರೆ ಸ್ಪಷ್ಟವಾಗಿದೆ, ಗೆರೆ ಇರುವುದಕ್ಕೆ ಎರಡನೇ ಬಗೆ ಎಂದು ಹೆಸರು. ಈ ಚೀಟಿಗಳ ನಕಲು ಅಚ್ಚುಗಳು ರಾಶಿ ರಾಶಿ ಇವೆ. ಹೆಚ್ಚಿನವು ಚಪ್ಪಟೆ ಅಚ್ಚಿನವು, ಓರೆ ಬೆಳಕಿನಲ್ಲಿ ಸಿಕ್ಕಿಬೀಳುತ್ತವೆ.

ನಿಜವಾದ ಅಪಾಯ ಬೇರೆ ಇದೆ. ಚೀಟಿಯೂ ಅಸಲು, ಲಕೋಟೆಯೂ ಅಸಲು, ಆದರೆ ಎರಡಕ್ಕೂ ಸಂಬಂಧವಿಲ್ಲ. ದಕ್ಷಿಣದ ಸಿಪಾಯಿಗಳು ಹಣ ಕೊಡದೆ, ಲಕೋಟೆಯ ಮೇಲೆ ತಮ್ಮ ಹೆಸರು, ದರ್ಜೆ, ರೆಜಿಮೆಂಟು ಬರೆದು ಪತ್ರ ಕಳಿಸಬಹುದಿತ್ತು. ಪಡೆದವರು ದುಡ್ಡು ತೆರಬೇಕಿತ್ತು. ನಮ್ಮ ಕಡೆಯ ಬೇರಿಂಗ್ ಪತ್ರವೇ ಅದು. ಅಂಥ ಚೀಟಿಯಿಲ್ಲದ ಲಕೋಟೆಗೆ ಬಿಡಿ ಚೀಟಿ ಅಂಟಿಸಿ ಹೆಚ್ಚು ಬೆಲೆಗೆ ಮಾರಿದವರಿದ್ದಾರೆ. ಅದಕ್ಕೆ ನಾನು ನೋಡುವುದು ಠಸ್ಸೆಯ ಸುತ್ತುಗೆರೆಯನ್ನು. ಅದು ಚೀಟಿಯ ಮೇಲಿಂದ ಇಳಿದು ಲಕೋಟೆಯ ಮೇಲೆ ಮುಂದುವರಿಯುವ ಜಾಗದಲ್ಲಿ ಮಸಿಯ ಬಣ್ಣ, ದಪ್ಪ, ಬಾಗು ಮೂರೂ ಕೂಡಬೇಕು. ಇಲ್ಲಿ ಕೂಡಿದವು. ಚೀಟಿಯ ಮೇಲಿನ ಬಲಮೂಲೆ ಸ್ವಲ್ಪ ಎದ್ದಿದೆ. ಅದನ್ನು ಎತ್ತಿ ಅಡಿಯಲ್ಲಿ ಏನಿದೆ ಎಂದು ನೋಡುವ ಆಸೆ ಯಾರಿಗೂ ಆಗುತ್ತದೆ. ಎತ್ತಲಿಲ್ಲ. ಲಕೋಟೆಯ ಮೇಲಿನ ಚೀಟಿ ಲಕೋಟೆಯ ಮೇಲೇ ಇರಬೇಕು. ಬಿಡಿಸಿದ ದಿನ ಎರಡೂ ಅನಾಥ.

ಠಸ್ಸೆಯಲ್ಲಿ ಆರೆಂಜ್ ಕೋರ್ಟ್ ಹೌಸ್ ಎಂಬ ಊರಿನ ಹೆಸರಿದೆ, ಫೆಬ್ರವರಿ ಎಂದಿದೆ, ವರ್ಷವಿಲ್ಲ. ಆ ಕಾಲದ ದಕ್ಷಿಣದ ಠಸ್ಸೆಗಳಲ್ಲಿ ವರ್ಷ ಇಲ್ಲದಿರುವುದು ಮಾಮೂಲು. ಹಾಗಾದರೆ 1864 ಎಂದು ನಾನು ಹೇಳುವುದು ಹೇಗೆ? ಚೀಟಿ ಹೊರಬಂದದ್ದು 1863ರ ವಸಂತದಲ್ಲಿ, ಆದ್ದರಿಂದ 1863ರ ಫೆಬ್ರವರಿ ಆಗುವಂತಿಲ್ಲ. ಉಳಿದದ್ದು 1864, 1865. ದಕ್ಷಿಣದ ಸೇನಾಪತಿ ಜನರಲ್ ಲೀಯ ಸೈನ್ಯ 1863ರ ಡಿಸೆಂಬರಿನಿಂದ 1864ರ ಮೇ ತಿಂಗಳವರೆಗೆ ಆರೆಂಜ್ ಕೋರ್ಟ್ ಹೌಸಿನ ಸುತ್ತಮುತ್ತ ಚಳಿಗಾಲದ ಬಿಡಾರ ಹೂಡಿತ್ತು. 1865ರ ಫೆಬ್ರವರಿಯಲ್ಲಿ ಅದೇ ಸೈನ್ಯ ಪೀಟರ್ಸ್‌ಬರ್ಗ್‌ನ ಕಂದಕಗಳಲ್ಲಿತ್ತು. ಸಿಪಾಯಿ ಆರೆಂಜಿನಲ್ಲಿ ಪತ್ರ ಹಾಕಿದ್ದು 1864ರಲ್ಲೇ.

ಒಳಗಿನ ಚೀಟಿಗಳು 5 ಸೆಂಟಿನ ನೀಲಿ ಜೋಡಿ, ಒಟ್ಟು 10 ಸೆಂಟು. ದಕ್ಷಿಣದ ಅಂಚೆ 1861ರ ಜೂನ್ 1ರಂದು ಕೆಲಸ ಶುರುಮಾಡಿದಾಗ 500 ಮೈಲಿಯೊಳಗೆ 5 ಸೆಂಟು, ಅದರಾಚೆಗೆ 10 ಸೆಂಟು ಎಂಬ ದರವಿತ್ತು. 1862ರ ಜುಲೈ 1ರಿಂದ ದೂರ ಎಷ್ಟಾದರೂ 10 ಸೆಂಟು. ಅಂಚೆ ಇಲಾಖೆ 1863ರ ಮಾರ್ಚ್ 1ರಿಂದ ತನ್ನ ಗಳಿಕೆಯಲ್ಲೇ ನಡೆಯಬೇಕೆಂದು ಅವರ ಸಂವಿಧಾನದಲ್ಲೇ ಬರೆದಿತ್ತು; ಪೋಸ್ಟ್‌ಮಾಸ್ಟರ್ ಜನರಲ್ ಜಾನ್ ರೇಗನ್ ಅದನ್ನು ಸಾಧಿಸಿದ. ದರ ಇಮ್ಮಡಿಸಿದ ಭಾರ ಬಿದ್ದದ್ದು ಇಂಥ ಪತ್ರಗಳ ಮೇಲೆ. ಲಿಂಚ್‌ಬರ್ಗ್‌ನಿಂದ ಆರೆಂಜ್ 500 ಮೈಲಿಗಿಂತ ಎಷ್ಟೋ ಕಡಿಮೆ. ಜೋಡಿ ಚೀಟಿ ಇರುವುದರಿಂದ ಮೊದಲ ಪತ್ರ ಬಹುಶಃ 1862ರ ಜುಲೈಗಿಂತ ಈಚಿನದು.

ಇಷ್ಟೆಲ್ಲ ಓದಿದ ಮೇಲೆ ಡೇವಿಸ್‌ನ ಮುಖವನ್ನು ಗಂಟೆಗಟ್ಟಲೆ ಭೂತಗನ್ನಡಿಯಲ್ಲಿ ನೋಡುವುದು ಸಲೀಸಲ್ಲ. ಆ ಸರ್ಕಾರ ಹುಟ್ಟಿದ್ದೇ ಗುಲಾಮಗಿರಿಯನ್ನು ಉಳಿಸಿಕೊಳ್ಳಲು. ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಓದುಬರಹ ಕಲಿಸುವುದು ಕಾನೂನಿಗೆ ವಿರುದ್ಧವಾಗಿತ್ತು. ಈ ಆಲ್ಬಮ್ಮಿನ ದಕ್ಷಿಣದ ಒಂಬತ್ತು ಲಕೋಟೆಗಳಲ್ಲಿ ಅವರ ಕೈಬರಹ ಒಂದೂ ಇಲ್ಲ, ಇರದಂತೆ ಮಾಡಲಾಗಿತ್ತು. ಸಂಗ್ರಹ ತೋರಿಸುವಾಗ ನಾನು ಇದನ್ನು ಮೊದಲ ಪುಟದಲ್ಲೇ ಬರೆಯುತ್ತೇನೆ.

ಇನ್ನೊಂದು ಎಳೆಯೂ ನನ್ನನ್ನು ಇದಕ್ಕೆ ಕಟ್ಟಿದೆ. ನಾನು ಗದಗಿನ ಕಡೆಯ ಹತ್ತಿ ಹೊಲಗಳ ನಡುವೆ ಬೆಳೆದವನು. 1840ರ ದಶಕದಲ್ಲೇ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ ಧಾರವಾಡ ಸೀಮೆಗೆ ಬಂದು ಬೇರೂರಿತ್ತು. ಇಲ್ಲಿ ದಿಗ್ಬಂಧನ ಬಿದ್ದು ದಕ್ಷಿಣದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಅಲ್ಲಿ ನಮ್ಮ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಅರಳೆಯ ಅಂಡಿಗೆಗಳು ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಮುಂಬಯಿಗೆ ಹೋದವು. ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು. ಈ ಸಿಪಾಯಿಗೆ ಲಕೋಟೆ ತಿರುವುವ ಪಾಡು ತಂದ ದಿಗ್ಬಂಧನವೇ ನಮ್ಮ ಊರುಗಳ ಕಡೆ ನಾಲ್ಕು ವರ್ಷ ಹಣ ಹರಿಸಿತು.

ಎರಡನೇ ಶನಿವಾರ ಟೇಪಿಗೆ ಕೈ ಹಾಕಿದೆ.

ನೀರಿನ ಮಾತೇ ಇಲ್ಲ. ವಿಳಾಸಗಳ ಮಸಿ ಕಂದುಬಣ್ಣಕ್ಕೆ ತಿರುಗಿದೆ, ಅಂದರೆ ಕಬ್ಬಿಣದ ಲವಣ ಮತ್ತು ಮಾಚಿಕಾಯಿ ಸೇರಿಸಿ ಮಾಡುತ್ತಿದ್ದ ಹಳೇ ಬಗೆಯ ಮಸಿ. ಅದು ಆಮ್ಲೀಯ, ಕಾಗದವನ್ನು ನಿಧಾನವಾಗಿ ತಿನ್ನುತ್ತದೆ. ಒದ್ದೆಯಾದರೆ ಹರಡಿ, ತಿನ್ನುವ ಕೆಲಸವನ್ನು ಪಕ್ಕಕ್ಕೂ ಒಯ್ಯುತ್ತದೆ. ನನ್ನ ಲಕೋಟೆಗೆ ಎರಡೂ ಬದಿಯಲ್ಲಿ ಆ ಮಸಿ ಇರುವುದರಿಂದ ಹೆದರಿಕೆಯೂ ಇಮ್ಮಡಿ. ಟೇಪಿನ ಅಂಟು ಕರಗಿಸುವ ದ್ರಾವಣಗಳನ್ನೂ ದೂರವಿಟ್ಟೆ. ಅವುಗಳ ಹೊಗೆ ಎಳೆದುಕೊಳ್ಳುವ ವ್ಯವಸ್ಥೆ ಮನೆಯಲ್ಲಿ ಇಲ್ಲ, ಠಸ್ಸೆಯ ಮಸಿಗೆ ಅವು ಏನು ಮಾಡುತ್ತವೋ ಎಂಬ ಭಯ ಬೇರೆ.

ಉಳಿದದ್ದು ಒಣ ದಾರಿ. ಬೆನ್ನಿನ ತುಂಡು ತೆಳು ಉಕ್ಕಿನ ಚಪ್ಪಟೆ ಕಡ್ಡಿಯನ್ನು ಅಡಿಗೆ ತೂರಿಸುತ್ತಿದ್ದಂತೆ ತಾನೇ ಬಿಟ್ಟುಕೊಂಡಿತು. ಟೇಪಿನ ಅಂಟಿಗೂ ಒಂದು ಆಯುಷ್ಯವಿದೆ: ಮೊದಲು ಎಣ್ಣೆಯಂತಾಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಒಣಗಿ ಗಟ್ಟಿಯಾಗುತ್ತದೆ, ಕೊನೆಗೆ ಮೇಲಿನ ಪಟ್ಟಿ ಉದುರಿ ಕಂದು ಕಲೆ ಉಳಿಯುತ್ತದೆ. ಬೆನ್ನಿನದು ಕೊನೆಯ ಹಂತ ಮುಟ್ಟಿತ್ತು. ಎಡಮಡಿಕೆಯದು ನಡುವಿನ ಹಂತದಲ್ಲಿತ್ತು, ಅದೇ ಕಷ್ಟ. ಸಿಲಿಕೋನ್ ಕಾಗದ ಹಾಸಿ, ಹೆಬ್ಬೆರಳಿನಗಲದ ಚಿಕ್ಕ ಇಸ್ತ್ರಿಯನ್ನು ಕಡಿಮೆ ಕಾವಿನಲ್ಲಿ ಐದಾರು ಸೆಕೆಂಡು ಇಟ್ಟು, ಎದ್ದ ತುದಿಯನ್ನು ಮೇಲಕ್ಕೆ ಎಳೆಯದೆ, ಟೇಪಿನ ಮೈಮೇಲೇ ಹಿಂದಕ್ಕೆ ಮಡಚಿ ಎಳೆದೆ. ಮೇಲಕ್ಕೆ ಎಳೆದರೆ ಕಾಗದದ ಚರ್ಮ ಸುಲಿದು ಬರುತ್ತದೆ. ಒಂದು ಸಲಕ್ಕೆ ಎರಡು ಮಿಲಿಮೀಟರ್. ಮತ್ತೆ ಕಾವು, ಮತ್ತೆ ಎರಡು ಮಿಲಿಮೀಟರ್.

ಒಂದೂವರೆ ಗಂಟೆಯಾದ ಮೇಲೆ, ಇನ್ನೇನು ಮುಗಿಯಿತು ಎನ್ನುವಾಗ, ಕೈ ಸ್ವಲ್ಪ ಅವಸರ ಮಾಡಿತು. ಅಕ್ಕಿಕಾಳಿನಷ್ಟು ಜಾಗದಲ್ಲಿ ಕಾಗದದ ನಾರು ಟೇಪಿನ ಜೊತೆ ಎದ್ದು ಬಂತು. ಅಲ್ಲೇ ನಿಲ್ಲಿಸಿದೆ. ನಾರು ಪೂರ್ತಿ ಕಳಚಿರಲಿಲ್ಲ, ಒಂದು ಬದಿಯಲ್ಲಿ ಹಿಡಿದುಕೊಂಡಿತ್ತು. ಟೇಪನ್ನು ಅದರ ಸುತ್ತ ಕತ್ತರಿಸಿ ಬಿಟ್ಟು ಮಲಗಲು ಹೋದೆ. ಮಾರನೇ ದಿನ ಬೆಳಗಿನ ಬೆಳಕಿನಲ್ಲಿ ಆ ಚೂರನ್ನು ಮತ್ತೆ ಬಿಸಿಮಾಡಿ ನಾರಿನಿಂದ ಬಿಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ನಾರು ತನ್ನ ಜಾಗಕ್ಕೆ ಮರಳಿ ಕೂತಿದೆ. ಆದರೂ ಆ ಅಕ್ಕಿಕಾಳು ನನ್ನ ಕೈಯದು, ಲಕೋಟೆ ಇರುವವರೆಗೆ ಅಲ್ಲಿರುತ್ತದೆ.

ಮೇಲೆ ಉಳಿದ ಜಿಗುಟನ್ನು ಕಚ್ಚಾ ರಬ್ಬರಿನ ತುಂಡಿನಿಂದ, ಉಜ್ಜದೆ, ಒತ್ತಿ ಉರುಳಿಸಿ ತೆಗೆದೆ. ಬೆಲ್ಲದ ಬಣ್ಣದ ಕಲೆ ಹಾಗೇ ಉಳಿಯಿತು. ಅದನ್ನು ತೆಗೆಯಲೂ ಇಲ್ಲ, ಬಣ್ಣ ಹಚ್ಚಿ ಮುಚ್ಚಲೂ ಇಲ್ಲ. ಹಾನಿ ಮುಂದುವರಿಯದಂತೆ ತಡೆಯುವುದು ನನ್ನ ಕೆಲಸ. ಆದ ಹಾನಿ ಆಗಿಲ್ಲವೆಂದು ತೋರಿಸುವುದು ಕೊಳ್ಳುವವನಿಗೆ ಮಾಡುವ ಮೋಸ, ಈ ಸಿಪಾಯಿಗೂ ಆ ಹೆಣ್ಣುಮಗಳಿಗೂ ಮಾಡುವ ಮೋಸ.

ಹರಿದ ಮಡಿಕೆಗೆ ತೇಪೆ ಹಾಕಲು ಗೋಧಿ ಪಿಷ್ಟದ ಅಂಟು ಬೇಕು. ಚಿಕ್ಕವನಿದ್ದಾಗ ಅವ್ವ ಮೈದಾ ಅಂಟು ಕಾಯಿಸಿ ಕೊಡುತ್ತಿದ್ದಳು, ಪುಸ್ತಕಕ್ಕೆ ರಟ್ಟು ಹಾಕಲು. ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ. ಇಲ್ಲಿ ಅವೆರಡೂ ಬೇಡ. ಮೈಲುತುತ್ತದಲ್ಲಿರುವ ತಾಮ್ರ ಕಾಗದವನ್ನು ಬೇಗ ಹಾಳುಮಾಡುತ್ತದೆ. ಮೈದಾದಲ್ಲಿ ಜಿಗುಟು ಪ್ರೋಟೀನು ಇರುತ್ತದೆ, ಅದನ್ನು ತೆಗೆದ ಶುದ್ಧ ಪಿಷ್ಟ ಸಿಗುತ್ತದೆ. ಒಂದು ಚಮಚಕ್ಕೆ ಐದು ಚಮಚ ಭಟ್ಟಿ ಇಳಿಸಿದ ನೀರು, ಅರ್ಧ ಗಂಟೆ ನೆನೆ, ಆಮೇಲೆ ಸಣ್ಣ ಉರಿ. ಕೈ ಬಿಡದೆ ತಿರುವುತ್ತಿರಬೇಕು, ರಾಗಿ ಅಂಬಲಿ ಕಾಯಿಸುವಾಗಿನ ಹಾಗೇ. ಹಾಲಿನ ಬಿಳುಪು ಹೋಗಿ ಅರೆಪಾರದರ್ಶಕವಾದಾಗ ಇಳಿಸಿ, ಆರಿಸಿ, ಸಣ್ಣ ಜಾಲರಿಯಲ್ಲಿ ಮೂರು ಸಲ ಒತ್ತಿ ಸೋಸಿದೆ.

ಮೊದಲ ಪ್ರಯೋಗ ಲಕೋಟೆಯ ಮೇಲಲ್ಲ. ಅದೇ ಸಂತೆಯಲ್ಲಿ ಕೊಂಡ 1870ರ ದಶಕದ ಹರಕು ಅಂಗಡಿ ಬಿಲ್ಲಿನ ಮೇಲೆ. ಅಂಟು ತೆಳ್ಳಗಾಗಿತ್ತು; ಒಣಗಿದ ಮೇಲೆ ತೇಪೆಯ ಸುತ್ತ ಕಂದು ಗೆರೆ ಬಂತು, ಒದ್ದೆ ಅಂಗಿ ಒಣಗಿದಾಗ ಬರುವ ಉಪ್ಪಿನ ಗೆರೆಯಂತೆ. ಕಾಗದದೊಳಗಿನ ಕೊಳೆಯನ್ನು ನೀರು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಬಿಟ್ಟ ಗುರುತು ಅದು. ಎರಡನೇ ಸಲ ಗಟ್ಟಿ ಅಂಟು ತೆಗೆದುಕೊಂಡು, ತೇಪೆಯನ್ನು ಮೊದಲು ಒತ್ತುಕಾಗದದ ಮೇಲೆ ಕೆಲವು ಸೆಕೆಂಡು ಇಟ್ಟು ನೀರು ಬಿಟ್ಟುಕೊಂಡ ಮೇಲೆ ಹಚ್ಚಿದೆ. ಗೆರೆ ಬರಲಿಲ್ಲ. ಮೂರನೇ ಸಲವೂ ಬರಲಿಲ್ಲ. ಆಗ ಧೈರ್ಯ ಬಂತು.

ಮೂರನೇ ಶನಿವಾರ ತೇಪೆಗೆ ಕೋಝೋ ಗಿಡದ ನಾರಿನ ಜಪಾನಿ ಕಾಗದ ತಂದೆ. ಈರುಳ್ಳಿ ಸಿಪ್ಪೆಯಷ್ಟು ತೆಳು, ನಾರು ಮಾತ್ರ ಉದ್ದ. ಕತ್ತರಿಯಿಂದ ಕತ್ತರಿಸಬಾರದು, ಕುಂಚದಿಂದ ನೀರಿನ ಗೆರೆ ಎಳೆದು ಎರಡೂ ಕಡೆಯಿಂದ ಜಗ್ಗಿದರೆ ಅಂಚಿನಲ್ಲಿ ನಾರು ರೆಪ್ಪೆಯ ಹಾಗೆ ಉಳಿಯುತ್ತದೆ. ಆ ರೆಪ್ಪೆಯೇ ಹಳೇ ಕಾಗದವನ್ನು ಹಿಡಿಯುವುದು. ಐದು ಮಿಲಿಮೀಟರ್ ಅಗಲದ ಪಟ್ಟಿಗಳು ಮೂರು. ಒಂದೇ ಉದ್ದ ಪಟ್ಟಿ ಹಾಕಿದರೆ ಒಣಗುವಾಗ ಮಡಿಕೆಯನ್ನು ಜಗ್ಗುತ್ತದೆ. ಮಡಿಕೆಯ ಒಳಬದಿಗೆ, ಮಸಿ ಇಲ್ಲದ ಜಾಗದಲ್ಲಿ ಕೂರಿಸಿ, ಮೇಲೆ ಅಂಟಿಕೊಳ್ಳದ ತೆಳು ಪಾಲಿಯೆಸ್ಟರ್ ಬಟ್ಟೆ, ಒತ್ತುಕಾಗದ, ಗಾಜು, ಅದರ ಮೇಲೆ ಒಂದು ಕಿಲೋ ಅಕ್ಕಿ ಚೀಲ. ಹತ್ತು ನಿಮಿಷಕ್ಕೆ ಒತ್ತುಕಾಗದ ಬದಲಾಯಿಸಿದೆ. ಮಿಕ್ಕ ಅಂಟಿನಿಂದ ಆ ಅಕ್ಕಿಕಾಳಿನ ಜಾಗವನ್ನೂ ಕೂರಿಸಿದೆ. ಮರುದಿನ ಬೆಳಿಗ್ಗೆ ಮಡಿಕೆ ಬಾಗಿಲಿನ ತಿರುಗಣೆಯಂತೆ ಆಡಿತು. ಒಮ್ಮೆ ಬಿಡಿಸಿದೆ, ಸ್ಕ್ಯಾನ್ ಮಾಡಿದೆ, ಮುಚ್ಚಿದೆ.

ಆ ಒಂದು ಸಲ ಬಿಡಿಸಿದಾಗ ಕಂಡದ್ದನ್ನು ಹೇಳಬೇಕು. ಒಳಗಿನ 5 ಸೆಂಟಿನ ಜೋಡಿಯ ನೀಲಿ, ಹೊರಗಿನ ಚೀಟಿಯ ನೀಲಿಗಿಂತ ಎಷ್ಟೋ ಹಸಿ. ಸಿಪಾಯಿ ಕಾಗದ ತಿರುವಿದ ದಿನದಿಂದ ಅದರ ಮೇಲೆ ಬೆಳಕು ಬಿದ್ದದ್ದು ಹೆಚ್ಚೆಂದರೆ ಕೆಲವು ಗಂಟೆ. ಬೆನ್ನಿನ ಜೋಡಣೆಯಲ್ಲಿ ಅವನು ಹಚ್ಚಿದ ಅಂಟು ಉಂಡೆಯಾಗಿ ಒಣಗಿದೆ, ಅದರಲ್ಲೊಂದು ಬೆರಳಿನ ಒತ್ತು ಇದೆ. ಗೆರೆಗಳು ಕಾಣುವಷ್ಟು ಸ್ಪಷ್ಟವಿಲ್ಲ, ಬೆರಳಿನ ಆಕಾರ ಮಾತ್ರ. ಅದರ ಹತ್ತಿರ ನಾನು ಹೋಗಲಿಲ್ಲ.

ಪ್ರದರ್ಶನದ ಪುಟಕ್ಕೆ ಎರಡು ದಾರಿಗಳಿದ್ದವು. ಎರಡೂ ಬದಿಗೆ ಕಿಟಕಿ ಕತ್ತರಿಸಿದ ರಟ್ಟಿನಲ್ಲಿ ಲಕೋಟೆಯನ್ನು ಬಿಡಿಸಿಯೇ ಇಡುವುದು ಒಂದು. ಹಲವರು ಹಾಗೆ ಮಾಡುತ್ತಾರೆ, ನೋಡುವವರಿಗೆ ಅನುಕೂಲ. ನಾನು ಮಡಚಿಯೇ ಇಟ್ಟೆ. ಕೊನೆಯ ಸಲ ಅಂಚೆಗೆ ಹಾಕಿದವನು ಮಡಚಿ ಹಾಕಿದ್ದ. ಜೊತೆಗೆ, ಈ ಮಡಿಕೆ ಇನ್ನೆಷ್ಟು ಸಲ ಬಿಚ್ಚಿ ಮುಚ್ಚುವುದನ್ನು ತಾಳೀತು? ಪಾಲಿಯೆಸ್ಟರ್ ಹಾಳೆಯ ಗಟ್ಟಿ ಚೀಲದಲ್ಲಿ ಲಕೋಟೆ, ಪಕ್ಕದಲ್ಲಿ ಒಳಮೈಯ ಸ್ಕ್ಯಾನ್ ಪ್ರತಿ ಅದೇ ಅಳತೆಯಲ್ಲಿ, ಪ್ರತಿ ಎಂದು ದಪ್ಪಕ್ಷರದಲ್ಲಿ ಬರೆದು. ರಟ್ಟಿನ ಬೆನ್ನಿಗೆ ಪೆನ್ಸಿಲಿನಲ್ಲಿ ಮಾಡಿದ್ದನ್ನೆಲ್ಲ ಬರೆದೆ: ಯಾವ ಟೇಪು, ಯಾವ ತೇಪೆ, ಯಾವ ಅಂಟು, ಯಾವ ದಿನ, ಅಕ್ಕಿಕಾಳು ಎಲ್ಲಿ. ಅಂತರ್ಯುದ್ಧ ಕಾಲದ ಅಂಚೆಯನ್ನು ಸಂಗ್ರಹಿಸುವವರ ಸಂಘವಾದ ಸಿವಿಲ್ ವಾರ್ ಫಿಲಾಟೆಲಿಕ್ ಸೊಸೈಟಿಯ ಪರಿಣತರಿಗೆ ಪರೀಕ್ಷೆಗೆ ಕಳಿಸುವಾಗ ಈ ಬರಹದ ನಕಲೂ ಜೊತೆಗೆ ಹೋಗುತ್ತದೆ.

ಭಾನುವಾರ ಅಪ್ಪನಿಗೆ ವಿಡಿಯೋ ಕರೆಯಲ್ಲಿ ತೋರಿಸಿದೆ. ಮೂವತ್ತೆರಡು ವರ್ಷ ಪೋಸ್ಟ್‌ಮನ್ ಆಗಿದ್ದವರು. ಠಸ್ಸೆಯನ್ನು ಮೊದಲು ನೋಡಿದರು, ಚೀಟಿಯನ್ನು ಆಮೇಲೆ.

“ಪಾಕೀಟು ಚಲೋ ಮಾಡೀದಿ. ಒಳಗಿನ ಕಾಗದ ಎಲ್ಲಿ?”

“ಅದು ಇಲ್ಲಪಾ. ಪಾಕೀಟು ಅಷ್ಟ ಸಿಕ್ಕೇತಿ.”

“ಹಂಗಾದ್ರ ಆ ಹೆಣ್ಮಗಳಿಗೆ ಮುಟ್ಟಿತೋ ಇಲ್ಲೋ ಹೆಂಗ ಗೊತ್ತಾಕ್ಕೈತಿ?”

ಮೂರು ವಾರ ಈ ಲಕೋಟೆಯ ಜೊತೆ ಕಳೆದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಕ್ಯಾಮೆರಾದ ಹತ್ತಿರ ಹಿಡಿದು ತಿರುಗಿಸಿದೆ. ಮೇಲಿನ ಅಂಚು ಈ ತುದಿಯಿಂದ ಆ ತುದಿಗೆ ಚಾಕುವಿನಿಂದ ನೇರವಾಗಿ ಸೀಳಿದೆ, ಒಂದು ಕಡೆಯೂ ಹರಿದಿಲ್ಲ. ಅಪ್ಪ ಕನ್ನಡಕ ಮೇಲೆತ್ತಿ, ಮೊಬೈಲನ್ನು ಕಣ್ಣಿನ ಹತ್ತಿರ ತಂದುಕೊಂಡು ನೋಡಿದರು.

“ಹಾಂ, ಬಟವಾಡೆ ಆಗೇತಿ ಬಿಡು” ಎಂದರು. “ಮುಂದಿಂದು ಯಾವ್ದು?”

ಮುಂದಿನದು ಬೇರಿಂಗ್ ಪತ್ರ, ಮೂಲೆಯಲ್ಲಿ 10 ಎಂದು ಕೈಯಲ್ಲಿ ಬರೆದದ್ದು. ಅದಕ್ಕೆ ಟೇಪಿಲ್ಲ, ಹಿಂಬದಿಗೆ ಕಪ್ಪು ಹಾಳೆಯ ಒಂದು ಚೂರು ಅಂಟಿಕೊಂಡಿದೆ.